ಹಿರಿಯರ ಪಾಸು

ನಮ್ಮ ಕಡೆಯ ಬಸ್ಸು ಆ ಊರಿನ ಹೊರಬಾಗಿಲಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಒಳಕ್ಕೆ ಓಡುವುದು ಊರಿನದೇ ಹಳದಿ ಬಸ್ಸುಗಳು. ಅವನ್ನು ಹತ್ತಬೇಕಾದರೆ ಮೊದಲು ತಗಡಿನ ಚಾವಣಿಯ ಕೆಳಗಿರುವ ಕಿಂಡಿಯ ಮುಂದೆ ಸಾಲು ನಿಂತು ಪಾಸು ಮಾಡಿಸಬೇಕು. ನಾನೂ ನನ್ನ ಅತ್ತೆ ಕ್ಯಾತಮ್ಮನೂ ಆ ಸಾಲು ಸೇರಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಅತ್ತೆ ಎದ್ದ ಕೂಡಲೇ ತಟ್ಟಿದ್ದ ಸಜ್ಜೆ ರೊಟ್ಟಿಯ ಗಂಟು ಅವರ ಕಂಕುಳಲ್ಲಿ ಬೆಚ್ಚಗಿತ್ತು. ನನ್ನ ಕೈಯ ಚೀಲದಲ್ಲಿ ಗಂಡನ ಎರಡು ಜೊತೆ ಬಟ್ಟೆ, ಒಂದು ಕಂಬಳಿ. ಕುರಿ ತುಂಬಿಕೊಂಡು ಈ ಊರಿಗೆ ಬರುತ್ತಿದ್ದ ಲಾರಿ ತಿರುವಿನಲ್ಲಿ ಮಗುಚಿ ಅವನ ಬಲಗಾಲು ಅಡಿಗೆ ಸಿಕ್ಕಿತ್ತು. ಲಾರಿಯ ಕ್ಲೀನರು ನಮ್ಮ ಹಟ್ಟಿಗೆ ಬಂದು, “ಜೀವಕ್ಕೇನೂ ಭಯ ಇಲ್ವಂತೆ. ಎರಡು ತಿಂಗ್ಳು ಮಂಚದ ಮ್ಯಾಲೇ ಇರ್ಬೇಕಂತೆ. ಅವ್ವನ್ನ ನೋಡ್ಬೇಕು ಅಂತಾವ್ನೆ” ಎಂದು ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೋಗಿದ್ದ.

ಕಿಂಡಿಯ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆದಿದ್ದರು. ನಾನು ಮೂರನೆಯ ಕ್ಲಾಸಿನವರೆಗೆ ಓದಿದವಳು, ಅಕ್ಷರ ಕೂಡಿಸಿಕೊಂಡು ಓದಿದೆ. ಪೂರಾ ಟಿಕೆಟ್ಟು, ಇಳಿಯುವುದು ಅಂದೇ. ಮುಕ್ಕಾಲು ಪಾಸು, ಮಾರನೆಯ ದಿನ. ಅರ್ಧ ಪಾಸು, ನಾಲ್ಕೈದು ದಿನದ ಮೇಲೆ. ಎಲ್ಲಕ್ಕಿಂತ ಕೆಳಗೆ ಹಿರಿಯರ ಪಾಸು, ಅದಕ್ಕೆ ದುಡ್ಡೇ ಇಲ್ಲ, ಇಳಿಯುವುದು ಹನ್ನೆರಡರಿಂದ ಇಪ್ಪತ್ತು ದಿನದ ಮೇಲೆ. ಬಸ್ಸಿನೊಳಗೆ ಕೂತವರಿಗೆ ಯಾವ ಪಾಸಾದರೂ ಒಂದೇ, ಅರ್ಧ ಗಂಟೆಯ ದಾರಿ. ಇದು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇರಲಿಲ್ಲ. ಆ ಊರಿಗೆ ಸಂತೆಗೆ ಹೋದವನು ಅರ್ಧ ಪಾಸು ಮಾಡಿಸಿದನೆಂದರೆ ಮನೆಯವರು ಅವನ ಪಾಲಿನ ಹಿಟ್ಟನ್ನು ನಾಲ್ಕು ದಿನ ಅಳೆಯುತ್ತಿರಲಿಲ್ಲ, ಅಷ್ಟೇ.

ನಮ್ಮ ಮುಂದೆ ಮೇಷ್ಟರೊಬ್ಬರು ಹೆಂಡತಿಯ ಜೊತೆ ನಿಂತಿದ್ದರು. ಊರು ನೋಡಲು ಬಂದವರು. ಕೆರೆ, ಅರಮನೆ, ಮೃಗಾಲಯ ಮೂರೂ ಸೇರಿದ ಪಾಸಿಗೆ ಹೆಚ್ಚಿನ ರಿಯಾಯಿತಿ ಇದೆಯೆಂದು ಮೇಷ್ಟರು ಬೆರಳಿಟ್ಟು ತೋರಿಸುತ್ತಿದ್ದರು. “ಅದ್ರಲ್ಲಿ ಹೋದ್ರೆ ಇಳಿಯೋದು ಮಂಗಳವಾರ ಕಣ್ರೀ. ಮಂಗಳವಾರ ಮೃಗಾಲಯಕ್ಕೆ ರಜಾ” ಎಂದರು ಹೆಂಡತಿ. “ಹುಲಿಗೇನು ರಜಾ? ಅದು ಒಳಗೇ ಇರುತ್ತಲ್ಲ.” “ಅದು ಒಳಗಿರುತ್ತೆ, ನಾವು ಗೇಟಿನ ಹೊರಗಿರ್ತೀವಿ. ನಿಮ್ಮ ರಿಯಾಯಿತಿಗೆ ಬೆಂಕಿ ಬೀಳ.” ಸಾಲಿನವರೆಲ್ಲ ನಕ್ಕರು. ಅತ್ತೆಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅವರು ನಕ್ಕದ್ದನ್ನು ನೋಡಿ ನನಗೆ ಸಮಾಧಾನವಾಯಿತು. ಸುದ್ದಿ ಬಂದಾಗಿನಿಂದ ಅವರ ಮುಖ ಕಲ್ಲಿನ ಹಾಗಿತ್ತು.

ನಮ್ಮ ಸರದಿ ಬಂತು. ಕಿಂಡಿಯೊಳಗಿದ್ದ ಗುಮಾಸ್ತ ಕನ್ನಡಕ ಹಣೆಗೇರಿಸಿಕೊಂಡು ಕೇಳಿದ. “ಎಲ್ಲಿಗಮ್ಮ?” ದೊಡ್ಡಾಸ್ಪತ್ರೆಗೆ ಎಂದೆ. ನಾನು ಸೆರಗಿನ ಗಂಟು ಬಿಚ್ಚಿ ಕಿಂಡಿಯಲ್ಲಿಟ್ಟದ್ದನ್ನು ಅವನು ನೋಡಿ ಮೆತ್ತಗೆ ಹೇಳಿದ. “ಇದರಲ್ಲಿ ಇಬ್ಬರಿಗೂ ಪೂರಾ ಬರಲ್ಲ. ಒಂದು ಪೂರಾ, ಒಂದು ಅರ್ಧ ಬರುತ್ತೆ. ಇಲ್ಲ ಇಬ್ಬರೂ ಮುಕ್ಕಾಲು ತಗೊಳ್ಳಿ, ನಾಳೆ ಹೊತ್ತಿಗೆ ಇಬ್ಬರೂ ಒಟ್ಟಿಗೆ ಇಳೀಬಹುದು.” ಈಗ ಯೋಚಿಸಿದರೆ ಅವನು ಹೇಳಿದ್ದೇ ಸರಿಯಾಗಿತ್ತು. ನಾನು ಹ್ಞೂಂ ಎನ್ನುವವಳೇ. ಅಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದು ಹಿಂದಕ್ಕೆಳೆದರು.

“ಇರೋ ದುಡ್ಡೆಲ್ಲಾ ಬಸ್ಸಿಗೇ ಸುರಿದು ಆಸ್ಪತ್ರೇಲಿ ಏನ್ ಕೊಡ್ತೀಯೇ ಈರಿ? ಔಷಧಿ, ಹಾಲು, ಅವನ ಬಾಯಿಗೊಂದು ಹಣ್ಣು, ಏನೂ ಬ್ಯಾಡ್ವಾ? ನೀನು ಪೂರಾ ತಕ್ಕೊಂಡು ಮುಂದೆ ಹೋಗು. ನಂಗೆ ಆ ಪುಕ್ಕಟೇದು ಮಾಡ್ಸು, ಹಿಂದಿಂದ ಬತ್ತೀನಿ.”

“ಅತ್ತೆ, ಇಪ್ಪತ್ತು ದಿನ ಅಂತ ಬರ್ದವ್ರೆ.”

“ಬರ್ಕಳ್ಳಿ. ಎರಡು ತಿಂಗ್ಳು ಮಲಗಿರೋನು ಇಪ್ಪತ್ತು ದಿನಕ್ಕೆ ಎಲ್ಲಿಗೆ ಓಡ್ತಾನೆ? ಮಂದೆ ಎತ್ತಿದಾಗ ಯಾವತ್ತಾದ್ರೂ ನಾನು ಮುಂದೆ ನಡ್ದಿದ್ದೀನಾ?”

ಅದೂ ನಿಜವೇ. ಬೇಸಗೆಯಲ್ಲಿ ಮಂದೆ ಎತ್ತಿಕೊಂಡು ಹುಲ್ಲಿರುವ ಕಡೆ ಹೊರಟಾಗ ನಮ್ಮಲ್ಲಿ ಒಂದು ಕ್ರಮವುಂಟು. ಸೊಸೆ ಮಡಕೆ ಹೊತ್ತು ಎಲ್ಲರಿಗಿಂತ ಮುಂದೆ ಹೋಗಿ ಹೊಸ ಜಾಗದಲ್ಲಿ ಒಲೆ ಹೂಡಬೇಕು. ನಡುವೆ ಗಂಡಸರು, ಕುರಿಗಳು. ಮನೆಯ ಹಿರಿಯಳು ಎಲ್ಲರ ಹಿಂದೆ, ಕುಂಟುವ ಕುರಿ, ಆಗ ತಾನೆ ಹುಟ್ಟಿದ ಮರಿ ಇವುಗಳನ್ನು ಕೂಡಿಸಿಕೊಂಡು ನಿಧಾನವಾಗಿ ಬರುತ್ತಾಳೆ. ನಾನು ಮದುವೆಯಾಗಿ ಬಂದ ಹದಿನಾಲ್ಕು ವರ್ಷವೂ ಹಾಗೇ ನಡೆದಿತ್ತು. ಹೊತ್ತು ಮುಳುಗುವ ಹೊತ್ತಿಗೆ ದಿಬ್ಬದ ಆಚೆಯಿಂದ ಅತ್ತೆಯ ತಲೆ ಕಾಣದೇ ಇದ್ದ ದಿನ ಒಂದೂ ಇರಲಿಲ್ಲ. ಹಾಗಾಗಿ ನಾನು ಒಂದು ಪೂರಾ, ಒಂದು ಹಿರಿಯರದು ಎಂದುಬಿಟ್ಟೆ. ಗುಮಾಸ್ತ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಮೇಲೆ ಅತ್ತೆಯ ಕಡೆ ತಿರುಗಿ, “ವಯಸ್ಸೆಷ್ಟಜ್ಜಿ?” ಎಂದ. “ನಂಗೇನು ಗೊತ್ತಪ್ಪ, ನೀನೇ ನೋಡಿ ಬರ್ಕೋ” ಎಂದರು ಅತ್ತೆ. ಅವನು ಎಪ್ಪತ್ತೆರಡು ಎಂದು ಬರೆದುಕೊಂಡು ಮೊಹರು ಒತ್ತಿದ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಅತ್ತೆ ಕಿಟಕಿಯ ಕಡೆ. ಅಷ್ಟೊಂದು ಮನೆಗಳನ್ನು ನೋಡಿ, “ಇವ್ರೆಲ್ಲಾ ದನ ಎಲ್ಲಿ ಕಟ್ತಾರೆ?” ಎಂದು ಕೇಳಿದರು. ಆಸ್ಪತ್ರೆ, ಆಸ್ಪತ್ರೆ ಎಂದು ಕಂಡಕ್ಟರು ಕೂಗಿದಾಗ ನಾನು ಎದ್ದೆ. “ಬತ್ತೀನಿ ಅತ್ತೆ” ಎಂದೆ. ಅವರು ತಿರುಗಲಿಲ್ಲ. ಅವರ ಪಾಲಿಗೆ ಆ ನಿಲ್ದಾಣ ಇನ್ನೂ ಬಂದಿರಲಿಲ್ಲ, ಕಂಡಕ್ಟರು ಕೂಗಿರಲೂ ಇಲ್ಲ. ನಾನು ಕೆಳಗಿಳಿದು ಕಿಟಕಿಯ ಹತ್ತಿರ ನಿಂತು ಕೈ ಎತ್ತಿದೆ. ಅವರ ಕಣ್ಣು ನನ್ನ ತಲೆಯ ಮೇಲಿಂದ ಹಾದು ಎಲ್ಲೋ ನೋಡುತ್ತಿತ್ತು. ಬಸ್ಸು ಹೊರಟುಹೋಯಿತು.

ನನ್ನ ಗಂಡನಿಗೆ ಎಚ್ಚರವಿತ್ತು. ಕಾಲಿಗೆ ಸೊಂಟದವರೆಗೆ ಬಿಳಿ ಪಟ್ಟಿ ಸುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಮರುಗಳಿಗೆ ಕಣ್ಣು ನನ್ನ ಹಿಂದಿನ ಬಾಗಿಲಿಗೆ ಹೋಯಿತು. “ಅವ್ವ ಎಲ್ಲಿ?”

“ಬಸ್ಸಲ್ಲಿ ಅವ್ರೆ.”

“ಯಾವ ಪಾಸು?”

ನನ್ನ ಬಾಯಿಂದ ಸುಳ್ಳು ತಾನಾಗಿಯೇ ಬಂತು. “ಮುಕ್ಕಾಲು. ನಾಳೆ ಇಳೀತಾರೆ.” ಅವನು ಸರಿ ಎಂಬಂತೆ ತಲೆ ಆಡಿಸಿ ಮಲಗಿದ. ಮಾರನೆಯ ದಿನ ಅವನು ನರ್ಸಮ್ಮನನ್ನು ಕೇಳಿಕೊಂಡು ಮುಖ ಒರೆಸಿಸಿಕೊಂಡ, ತಲೆ ಬಾಚಿಸಿಕೊಂಡ. ಸಂಜೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದ. ಅದರ ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ ಹೇಳಿದ. “ಹತ್ತು ವರ್ಷದಿಂದ ಈ ಊರಿಗೆ ಕುರಿ ಹೊಡ್ಕೊಂಡು ಬತ್ತಿದ್ದೀನಿ ಕಣೇ. ಮುಕ್ಕಾಲಿಗೆ ಇಷ್ಟು ಹೊತ್ತಾಗಲ್ಲ. ನಿಜ ಹೇಳು.” ನಾನು ಹೇಳಿದೆ. ಅವನು ಸಿಟ್ಟಾಗುತ್ತಾನೆಂದುಕೊಂಡಿದ್ದೆ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಚಾವಣಿಯನ್ನು ನೋಡುತ್ತ, “ಆ ಪೂರಾ ಟಿಕೆಟ್ಟು ಅವ್ವಂಗೆ ಕೊಡ್ಬೇಕಾಗಿತ್ತು ನೀನು” ಎಂದ. ಆಮೇಲೆ ನನಗೆ ನೋವಾಯಿತೆಂದು ಅನ್ನಿಸಿರಬೇಕು, ಕೈ ಚಾಚಿ ನನ್ನ ಮೊಣಕೈ ಮುಟ್ಟಿದ. “ಹೋಗ್ಲಿ ಬಿಡು. ಉಂಡ್ಯಾ?”

ಅಂದಿನಿಂದ ನಾನು ದಿನವೂ ನಿಲ್ದಾಣಕ್ಕೆ ಹೋಗತೊಡಗಿದೆ. ಆಸ್ಪತ್ರೆಯ ಎದುರಿಗೇ ಅದು. ಕಲ್ಲುಬೆಂಚಿನ ತುಂಬ ಕಾಯುವವರು. ಕಾಯುವುದೇ ಅಲ್ಲಿಯವರಿಗೆ ಒಂದು ಬದುಕಾಗಿಹೋಗಿತ್ತು. ಕೆಲವರು ಒಲೆ ಹೂಡಿಕೊಂಡಿದ್ದರು, ಒಬ್ಬಳು ಅಲ್ಲೇ ಕೂತು ಅವರೆಕಾಯಿ ಸುಲಿದು ಮಾರುತ್ತಿದ್ದಳು. ಲಗ್ನಪತ್ರಿಕೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬ ದಿನಾ ಬರುತ್ತಿದ್ದ. “ಸೋದರಮಾವ ಬರ್ದೆ ತಾಳಿ ಕಟ್ಟಬಾರದು ಅಂತ ಒಂದು ವಾರ ಕಾದ್ವಿ. ಆಮೇಲೆ ಕಟ್ಟೇಬಿಟ್ಟೆ. ಹಲಗೇಲೇನೋ ಇಪ್ಪತ್ತು ದಿನ ಅಂತ ಬರ್ದವ್ರೆ, ಈಗ ಮಗಳಿಗೆ ಹಲ್ಲು ಬಂದವೆ, ಮಾವ ಇನ್ನೂ ಮದುವೆಗೆ ಬತ್ತಾ ಅವ್ನೆ” ಎಂದು ಎಲ್ಲರಿಗೂ ಹೇಳಿ ತಾನೇ ಮೊದಲು ನಗುತ್ತಿದ್ದ.

ಅಲ್ಲಿ ಚೌಡಕ್ಕನೆಂಬ ಹೆಂಗಸು ಇದ್ದಳು. ಇಳಿದವರಿಗೆ ಇವತ್ತು ಯಾವ ದಿನ, ಅವರು ಬಸ್ಸಿನಲ್ಲಿದ್ದಾಗ ಮನೆಯಲ್ಲಿ ಏನೇನಾಯಿತು ಎಂದು ಹೇಳುವುದೇ ಅವಳ ಕೆಲಸ. ಕಾಯುವವರಿಗೆ ಬಾಯಿ ಬರದಿದ್ದರೆ ಅವಳು ಹೇಳುತ್ತಿದ್ದಳು, ಅವರು ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದಳು. “ನಿಮ್ಮತ್ತೇಗೆ ಎಷ್ಟು ವಯಸ್ಸು ಅಂತ ಬರೆಸಿದ್ರಿ?” ಎಂದು ನನ್ನನ್ನು ಕೇಳಿದಳು. ಎಪ್ಪತ್ತೆರಡು ಎಂದೆ. “ಹಂಗಾದ್ರೆ ಇಪ್ಪತ್ತಕ್ಕೆ ಹತ್ತಿರಾನೇ. ಹಲ್ಲು ಬಿದ್ದಷ್ಟೂ ತಡ ಮಾಡ್ತವೆ ಮುದುಕೀರು. ಅರುವತ್ತೈದು ಅಂತ ಸುಳ್ಳು ಹೇಳಿದ್ರೆ ಹನ್ನೆರಡಕ್ಕೇ ಇಳಿಸಿರೋರು. ನಿಮ್ಮ ಕಡೆಯೋರಿಗೆ ಸುಳ್ಳು ಹೇಳಾಕೂ ಬರಲ್ವಲ್ಲವ್ವ!” ಅವಳು ತಮಾಷೆಗೆ ಹೇಳಿದ್ದು. ನಾನು ಅಲ್ಲಿಂದ ಎದ್ದು ಆಸ್ಪತ್ರೆಯ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದೆ.

ಏಳನೆಯ ದಿನ ಕಾಲಿನಲ್ಲಿ ಕೀವಾಯಿತು. ಡಾಕ್ಟರು ನೋಡಿ, ತೊಡೆಯಿಂದ ತೆಗೆಯಬೇಕೆಂದರು. ತೆಗೆದರು. ನಂಜು ಅದಾಗಲೇ ಮೇಲೆ ಏರಿತ್ತು. ಜ್ವರದಲ್ಲಿ ಅವನು ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ನಡುನಡುವೆ ಎಚ್ಚರವಾದಾಗ, “ಎಷ್ಟು ದಿನ ಆಯ್ತು?” ಎಂದು ಕೇಳುತ್ತಿದ್ದ. ಒಂಬತ್ತು ಆಗಿದ್ದಾಗ ಹದಿನೈದು ಎಂದೆ, ಹತ್ತಾದಾಗ ಹದಿನೆಂಟು ಎಂದೆ. ಹಾಗೆ ಹೇಳಿದರೆ ಇನ್ನೆರಡು ದಿನ ಗಟ್ಟಿಯಾಗಿ ಹಿಡಿದುಕೊಂಡಾನು ಎಂಬ ಆಸೆ. ಹನ್ನೊಂದನೆಯ ದಿನ ಮಧ್ಯಾಹ್ನ, ವಾರ್ಡಿನಲ್ಲಿ ಗಂಜಿ ಹಂಚುತ್ತಿದ್ದರು. ಅವನು ಕಣ್ಣು ಬಿಟ್ಟ. ಕಣ್ಣಿಗೆ ಏನೂ ಕಾಣುತ್ತಿಲ್ಲವೆಂದು ನನಗೆ ತಿಳಿಯಿತು. “ಅವ್ವ, ಬಂದ್ಯಾ?” ಎಂದ.

ನಾನು ಸುತ್ತ ನೋಡಿದೆ. ಗಂಜಿಯ ಪಾತ್ರೆಯವನು ಸೌಟು ಹಿಡಿದು ನಿಂತುಬಿಟ್ಟಿದ್ದ. “ಬಂದೆ ಕಣ್ ಮಗ” ಎಂದೆ. ಅತ್ತೆ ಹೇಳುವ ಹಾಗೆ, ಮಗ ಎನ್ನುವುದನ್ನು ಎಳೆದು ಹೇಳಿದೆ. “ಬಲೇ ತಡ ಮಾಡ್ದೆ ಕಣವ್ವ” ಎಂದ ಅವನು. ಅವನ ಕೈ ನನ್ನ ಕೈಯ ಮೇಲಿತ್ತು. ಸಂಜೆ ನಾಲ್ಕರ ಹೊತ್ತಿಗೆ ಆ ಕೈ ತಣ್ಣಗಾಯಿತು.

ಊರಿಗೆ ಸಾಗಿಸುವ ಹಾಗಿರಲಿಲ್ಲ. ಆಸ್ಪತ್ರೆಯವರೇ ನಾಲ್ಕು ಜನರನ್ನು ಕೊಟ್ಟರು, ಲಗ್ನಪತ್ರಿಕೆಯವನೂ ಹೆಗಲು ಕೊಟ್ಟ. ಊರಾಚೆಯ ಬಯಲಿನಲ್ಲಿ ಮಣ್ಣು ಮಾಡಿದೆವು. ಅಲ್ಲಿ ಪ್ರತಿ ಗುಂಡಿಯ ಪಕ್ಕದಲ್ಲೂ ಒಂದಿಷ್ಟು ಮಣ್ಣನ್ನು ಹಾಗೇ ಉಳಿಸುತ್ತಾರೆ, ಬಸ್ಸಿನಲ್ಲಿರುವವರು ಇಳಿದು ಬಂದ ಮೇಲೆ ತಮ್ಮ ಪಾಲಿನ ಹಿಡಿ ಮಣ್ಣು ಹಾಕಲೆಂದು. ಹಾಗೆ ಉಳಿಸಿದ ಕೆಲವು ಗುಡ್ಡೆಗಳ ಮೇಲೆ ಹುಲ್ಲು ಬೆಳೆದು ಬೀಜ ಕಟ್ಟಿತ್ತು.

ನಾನು ಹಟ್ಟಿಗೆ ಹಿಂದಿರುಗಲಿಲ್ಲ. ಹೇಗೆ ಹೋಗಲಿ? ಅತ್ತೆ ಇಳಿದಾಗ ಯಾರೂ ಇಲ್ಲದಿದ್ದರೆ? ಬೆಳಿಗ್ಗೆಯಿಂದ ಕೊನೆಯ ಬಸ್ಸಿನವರೆಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನೂರು ಸಲ ಕಟ್ಟಿದೆ, ನೂರು ಸಲ ಕೆಡವಿದೆ. ಹದಿನೆಂಟನೆಯ ದಿನ ಚೌಡಕ್ಕ ನನ್ನ ಹತ್ತಿರ ಬಂದು ಒಂದು ತಗಡಿನ ಪೆಟ್ಟಿಗೆ ತೆರೆದಳು. ಒಳಗೆ ತುಂಬ ಬಳೆ, ಕುಂಕುಮದ ಭರಣಿ, ಕರಿಮಣಿ. “ಕೈ ನೀಡು” ಎಂದಳು. “ಬ್ಯಾಡ ಚೌಡಕ್ಕ.” “ನಿಂಗಲ್ಲ ಕಣೇ, ಅವರಿಗೆ. ಬಸ್ಸಿನ ಮೆಟ್ಟಿಲ ಮ್ಯಾಲೇ ನಿನ್ನ ಬರೀ ಕೈ ಕಂಡ್ರೆ ಮುದುಕಿ ಅಲ್ಲೇ ಬಿದ್ದೋಗ್ತಾರೆ. ಮೊದಲು ನೆಲದ ಮ್ಯಾಲೆ ಕೂರ್ಸು, ನೀರು ಕುಡ್ಸು, ಆಮೇಲೆ ಹೇಳು. ಕಣ್ಣಿಗೆ ತಿಳಿಯೋ ಮುಂಚೆ ಕಿವಿಗೆ ತಿಳೀಬೇಕು. ಆಮೇಲೆ ನನ್ನ ಬಳೆ ನಂಗೆ ವಾಪಸ್ ಕೊಡು.” ಹಸಿರು ಬಳೆಗಳನ್ನು ಅವಳೇ ಒಂದೊಂದಾಗಿ ಏರಿಸಿದಳು, ಹಣೆಗೂ ಕುಂಕುಮ ಇಟ್ಟಳು. ಎಷ್ಟು ಜನರ ಕೈ ಸೇರಿದ್ದವೋ, ಬಳೆಗಳ ಮೇಲಿನ ಹೂ ಮಾಸಿಹೋಗಿತ್ತು.

ಹತ್ತೊಂಬತ್ತನೆಯ ದಿನ ಹತ್ತು ಗಂಟೆಯ ಬಸ್ಸಿನಲ್ಲಿ ಅತ್ತೆ ಇಳಿದರು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಗಂಟು, ಮೆಟ್ಟಿಲ ಮೇಲೆ ಕಾಲು ತಡವರಿಸುತ್ತ. ಮುಖದಲ್ಲಿ ಆವತ್ತಿನ ಬೆಳಗಿನ ಬಿಸಿಲೇ ಇನ್ನೂ ಇತ್ತು. ನನ್ನನ್ನು ಕಂಡು, “ಅಯ್ಯೋ, ಪಕ್ಕದಲ್ಲೇ ಕೂತಿದ್ದೋಳು ಹೇಳ್ದೆ ಕೇಳ್ದೆ ಇಳಿದೋದ್ಯಲ್ಲೇ! ತಿರುಗಿ ನೋಡ್ತೀನಿ, ಸೀಟು ಖಾಲಿ” ಎಂದು ಗದರಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಬಳೆ ನೋಡಿದರು. “ಹೊಸ ಬಳೆ ತೊಟ್ಟಿದ್ದೀಯ! ಅವನೇ ಕೊಡಿಸ್ದನೇನೇ? ಮಂಚದ ಮ್ಯಾಲೆ ಮಲಗಿದ್ರೂ ಅವನ ಶೋಕಿ ಬಿಡಲಿಲ್ವಲ್ಲ!”

ಬೆಂಚಿನವರೆಲ್ಲ ತಲೆ ತಗ್ಗಿಸಿದರು. ಚೌಡಕ್ಕ ಬೇರೆ ಕಡೆ ತಿರುಗಿದಳು. ನಾನು ಅತ್ತೆಯನ್ನು ಕಲ್ಲಿನ ಮೇಲೆ ಕೂರಿಸಿದೆ. ನೀರು ಕೊಟ್ಟೆ. ಅವರು ಬಾಯಿ ಮುಕ್ಕಳಿಸಿ ಉಗುಳಿ, ಉಳಿದದ್ದನ್ನು ಕುಡಿದು, “ನಡಿ, ರೊಟ್ಟಿ ಆರೋಗ್ತದೆ” ಎಂದು ಏಳಲು ಹೋದರು. ನಾನು ಅವರ ಮೊಣಕಾಲು ಹಿಡಿದುಕೊಂಡೆ. ಕಟ್ಟಿದ್ದ ಮಾತು ಯಾವುದೂ ಬರಲಿಲ್ಲ. “ಅತ್ತೆ, ಹೋದ್ರು” ಎಂದೆ.

“ಎಲ್ಲಿಗೆ?” ಎಂದರು.

ನಾನು ಹಿಡಿದ ಮೊಣಕಾಲು ಬಿಡಲಿಲ್ಲ. ಅವರು ನನ್ನ ಮುಖವನ್ನೂ ಬಳೆಯನ್ನೂ ಒಂದಾದ ಮೇಲೊಂದು ನೋಡಿದರು. ಒಂದು ಬಸ್ಸು ಬಂದು ನಿಂತಿತು, ಜನ ಇಳಿದರು, ಬಸ್ಸು ಹೋಯಿತು. ಅವರು ಅಳಲಿಲ್ಲ. ಎದ್ದು ನೇರ ಕಂಡಕ್ಟರುಗಳು ನಿಲ್ಲುವ ಕಡೆ ಹೋಗಿ, ಒಬ್ಬನ ತೋಳು ಹಿಡಿದು ಕೇಳಿದರು. “ಅಪ್ಪಾ, ಮುಂಚೆ ಇಳಿಸೋ ಪಾಸು ಐತಾ? ಇವತ್ತು ಹತ್ತಿದ್ರೆ ಹದಿನೈದು ದಿನ ಹಿಂದಕ್ಕೆ ಇಳಿಸೋದು? ಈ ಓಲೆ ಕೊಡ್ತೀನಿ, ಚಿನ್ನದ್ದು.” ಕಂಡಕ್ಟರು ಅವರ ಕೈಯನ್ನು ಮೆಲ್ಲಗೆ ಬಿಡಿಸಿದ. “ಆ ಕಡೆಗೆ ಬಸ್ಸಿಲ್ಲ ಅಜ್ಜಿ.” ದಿನಕ್ಕೆ ಎಷ್ಟು ಜನ ಹಾಗೆ ಕೇಳುತ್ತಿದ್ದರೋ, ಅವನ ದನಿಯಲ್ಲಿ ಆಶ್ಚರ್ಯವಿರಲಿಲ್ಲ.

ಮತ್ತೆ ಬಂದು ನನ್ನ ಪಕ್ಕದಲ್ಲಿ ಕೂತರು. “ನಂಗೆ ಇವತ್ತು ಬೆಳಿಗ್ಗೆ ಬದುಕಿದ್ದ ಕಣೇ” ಎಂದರು. ಆಮೇಲೆ, ಮಣ್ಣು ಮಾಡಿದ ದಿನದಿಂದ ನಾನು ಹೆದರಿಕೊಂಡಿದ್ದ ಮಾತು ಬಂತು. “ನನ್ನ ಕೇಳಿದ್ನಾ?”

ಅವರ ಕೈ ನನ್ನ ತೊಡೆಯ ಮೇಲಿತ್ತು. ಚರ್ಮ ಸಡಿಲವಾದ, ಉಣ್ಣೆಯ ವಾಸನೆಯ ಕೈ. ಕೇಳಿದ ಎಂದರೆ ಈ ಮುದುಕಿ ಉಳಿದ ದಿನವೆಲ್ಲ ಆ ಕಿಂಡಿಯ ಮುಂದೆಯೇ ನಿಂತಿರುತ್ತಾರೆ ಎಂದು ನನಗೆ ಗೊತ್ತಿತ್ತು. “ಇಲ್ಲ ಅತ್ತೆ” ಎಂದೆ. “ನಾನು ಹೋಗೋ ಹೊತ್ಗೆ ಪ್ರಜ್ಞೆ ಇರಲಿಲ್ಲ. ಕೊನೇವರ್ಗೂ ಕಣ್ಣು ಬಿಡಲಿಲ್ಲ. ಯಾರನ್ನೂ ಕೇಳಲಿಲ್ಲ.”

“ಒಂದು ಮಾತೂ ಆಡಲಿಲ್ವಾ?”

“ಒಂದೂ ಇಲ್ಲ.”

ಅವರು ಉಸಿರು ಬಿಟ್ಟರು. ಭುಜ ಸ್ವಲ್ಪ ಇಳಿಯಿತು. “ಹಂಗಾದ್ರೆ ನಾನು ಮುಂಚೆ ಬಂದಿದ್ರೂ ಅಷ್ಟೇ ಆಗ್ತಿತ್ತು” ಎಂದರು. ಹೌದೆಂದೆ. ಆಗ ಅವರು ನನ್ನ ಕಡೆ ತಿರುಗಿದರು, ಈಗ ತಾನೆ ನನ್ನನ್ನು ಕಂಡವರ ಹಾಗೆ. “ಪಾಪ, ಅಷ್ಟು ದೂರ ಮುಂದಾಗಿ ಬಂದ ನಿಂಗೂ ಒಂದು ಮಾತು ಸಿಗಲಿಲ್ವಲ್ಲೇ ನನ್ನವ್ವ” ಎಂದು ನನ್ನ ತಲೆಯನ್ನು ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಉಂಡ್ಯಾ ಎಂದು ಅವನು ಕೇಳಿದ್ದು ನನ್ನ ನಾಲಗೆಯ ಮೇಲಿತ್ತು. ಹಲ್ಲು ಕಚ್ಚಿ ಅದನ್ನು ನುಂಗಿದೆ. ಅವರು ನನ್ನ ಕೂದಲು ಬಿಡಿಸುತ್ತ, “ಅತ್ತುಬಿಡು, ಅತ್ತುಬಿಡು” ಎನ್ನುತ್ತಿದ್ದರು, ನಾನೊಬ್ಬಳೇ ಕಳೆದುಕೊಂಡವಳೆಂಬ ಹಾಗೆ. ನಾನು ಅಳಲೂ ಆಗದೆ, ಮೇಲೇಳಲೂ ಆಗದೆ ಅವರ ಮಡಿಲಲ್ಲಿ ಹಾಗೇ ಬಿದ್ದಿದ್ದೆ.